ಡಬ್ಬಿ ಟೀವಿಯ ಕಡತ



ಸರಕಾರಿ ಕಚೇರಿಯ ಗುಮಾಸ್ತನಿಗೆ ಒಂದು ದುರಭ್ಯಾಸವುಂಟು. ಎಂಥ ಸಂಗತಿಯೇ ಎದುರಾಗಲಿ, ಅದಕ್ಕೊಂದು ಕಡತ ತೆರೆದು, ಎಡಕ್ಕೆ ಅಂಚು ಬಿಟ್ಟು ಟಿಪ್ಪಣಿ ಬರೆಯದಿದ್ದರೆ ಅವನಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಹಗಲೆಲ್ಲ ಪರರ ಅರ್ಜಿಗಳ ಮೇಲೆ "ಪರಿಶೀಲಿಸಿ ಮಂಡಿಸಿದೆ" ಎಂದು ಬರೆದ ಕೈ, ಸಂಜೆ ಮನೆಗೆ ಬಂದ ಮೇಲೂ ಸುಮ್ಮನಿರಲೊಲ್ಲದು. 2025ರ ದೀಪಾವಳಿಯ ಹೊತ್ತಿಗೆ ನಮ್ಮ ಮನೆಯಲ್ಲಿ ಅಂಥದೊಂದು ಕಡತ ತೆರೆಯಿತು. ವಿಷಯ: ಹಳೆಯ ಟೀವಿಯನ್ನು ತೆಗೆದು ಎಚ್‌ಡಿ ಟೀವಿ ಕೊಳ್ಳಬೇಕೆ, ಬೇಡವೆ? ಕೊಂಡರೆ ಕೊಟ್ಟ ಹಣಕ್ಕೆ ತಕ್ಕ ಫಲವುಂಟೆ? ಅರ್ಜಿದಾರರು ನನ್ನಾಕೆ ಮತ್ತು ನಮ್ಮ ಹತ್ತು ವರ್ಷದ ಮಗ. ಮಂಜೂರಾತಿ ಕೊಡುವ ಅಧಿಕಾರಿ ಮತ್ತೆ ನನ್ನಾಕೆಯೇ. ನನ್ನ ಪಾಲಿಗೆ ಉಳಿದದ್ದು ಟಿಪ್ಪಣಿ ಬರೆಯುವುದು ಮತ್ತು ಹಣ ಎಣಿಸುವುದು.

ಮೊದಲು ಹಳೆಯ ಟೀವಿಯ ಪೂರ್ವವೃತ್ತವನ್ನು ಅರಿಕೆ ಮಾಡಿಕೊಳ್ಳಬೇಕು. ಅದು 21 ಇಂಚಿನ ಡಬ್ಬಿ ಟೀವಿ. ಮುಂದೆ ಉಬ್ಬಿದ ಗಾಜು, ಹಿಂದೆ ಗೂನುಬೆನ್ನು. ನನ್ನ ತಂದೆ ಕಲಬುರಗಿ ಜಿಲ್ಲೆಯ ಹಳ್ಳಿಯ ಶಾಲೆಗಳಲ್ಲಿ ಮಾಸ್ತರರಾಗಿದ್ದವರು. 2008ರಲ್ಲಿ ನಿವೃತ್ತರಾದಾಗ ಕೈಗೆ ಬಂದ ಹಣದಲ್ಲಿ ತಮಗೆಂದು ಅವರು ಕೊಂಡ ಒಂದೇ ಒಂದು ವಸ್ತು ಅದು. ಅವ್ವ ತೀರಿಕೊಂಡ ಮೇಲೆ ಅವರು ನಮ್ಮೊಡನೆ ಇರಲೆಂದು ಛತ್ರಪತಿ ಸಂಭಾಜಿನಗರಕ್ಕೆ ಬಂದರು. ಆಗ ಇದಿನ್ನೂ ಔರಂಗಾಬಾದು. ಹೆಸರು ಬದಲಾದದ್ದು 2023ರಲ್ಲಿ. ಅವರ ಟ್ರಂಕಿನ ಜೊತೆಗೆ ಆ ಟೀವಿಯೂ ಹಾಸಿಗೆಯಲ್ಲಿ ಸುತ್ತಿಕೊಂಡು ಬಂದಿತು.

ಅಪ್ಪ ಹೆಚ್ಚು ಟೀವಿ ನೋಡುವವರಲ್ಲ. ಆದರೆ ರಾತ್ರಿಯ ಊಟವಾದ ಮೇಲೆ ಚಂದನ ವಾಹಿನಿಯ 'ಥಟ್ ಅಂತ ಹೇಳಿ' ಅವರಿಗೆ ಬೇಕೇ ಬೇಕು. ಡಾಕ್ಟರ್ ನಾ. ಸೋಮೇಶ್ವರ ಅವರು 2002ರಲ್ಲಿ ಆರಂಭಿಸಿದ ಆ ರಸಪ್ರಶ್ನೆಯಲ್ಲಿ ಸರಿಯುತ್ತರಕ್ಕೆ ಕನ್ನಡ ಪುಸ್ತಕ ಬಹುಮಾನ. ಅಪ್ಪನಿಗೆ ಬಹುಮಾನವಿಲ್ಲ, ಆದರೂ ಸ್ಪರ್ಧಿಗಳಿಗಿಂತ ಮೊದಲು ಉತ್ತರ ಹೇಳಿ ಗೆಲ್ಲುವುದು ಅವರ ಹಟ. ಮಗ್ಗುಲಲ್ಲಿ ಮೊಮ್ಮಗ ಕೂತಿರಬೇಕು. ಪರದೆಯ ಮೇಲೆ ಅಕ್ಷರ ಮೂಡಿದರೆ ಸಾಕು, "ಏನು ಬರದಾರೋ, ಓದು" ಎನ್ನುವರು. ಮಗನ ಶಾಲೆಯಲ್ಲಿ ಇಂಗ್ಲಿಷು, ಮರಾಠಿ, ಹಿಂದಿ. ಕನ್ನಡದ ಅಕ್ಷರಗಳನ್ನು ನಮ್ಮ ಸಂಘದ ರವಿವಾರದ ವರ್ಗದಲ್ಲಿ ಕಲಿತಿದ್ದನಾದರೂ, ಒತ್ತಕ್ಷರ ಬಂದಲ್ಲಿ ಅವನ ಬಂಡಿ ನಿಂತುಬಿಡುತ್ತಿತ್ತು. ಮುತ್ಯಾನಿಗೆ ಓದಿ ಹೇಳುತ್ತ ಹೇಳುತ್ತ ಒಂದೇ ವರ್ಷದಲ್ಲಿ ಆ ಬಂಡಿ ಸರಾಗವಾಗಿ ಓಡತೊಡಗಿತು. ಇದು ಮೊಮ್ಮಗನಿಗೆ ಕನ್ನಡ ಕಲಿಸಲು ಹಳೆಯ ಮಾಸ್ತರರು ಹೂಡಿದ ಉಪಾಯವೆಂದು ನಾವೆಲ್ಲ ಮೆಚ್ಚಿಕೊಂಡಿದ್ದೆವು.

ಹೀಗಿರಲು ಟೀವಿಯ ಮೇಲೆ ಅಪ್ಪನ ದೂರು ಹುಟ್ಟಿತು. "ತಮ್ಮಾ, ಈ ಟೀವಿ ಮಂಜಾಗ್ಯಾದ. ಬಣ್ಣೆಲ್ಲಾ ಹಳದಿ ಹೊಡೀತಾವ." ರಿಮೋಟು ಹಿಡಿದು ಬೆಳಕನ್ನೂ ಬಣ್ಣವನ್ನೂ ತುದಿಗೇರಿಸುವರು, ನನ್ನಾಕೆ ಬಂದು ಇಳಿಸುವಳು. ರಿಪೇರಿಯವನನ್ನು ಕರೆಸಿದೆ. ಅವನು ಹಿಂದಿನ ಮುಚ್ಚಳ ತೆಗೆದು, ಧೂಳು ಊದಿ, "ಟ್ಯೂಬು ದಣಿದಿದೆ ಸಾಹೇಬರೇ, ಹೊಸದು ತೊಗೊಳ್ಳಿ" ಎಂದು ಹೇಳಿ ಇನ್ನೂರು ರೂಪಾಯಿ ತೆಗೆದುಕೊಂಡು ಹೋದನು. ನನ್ನಾಕೆಗೆ ಅದೇ ಸಾಕಾಯಿತು.

"ನಾಶಿಕದಾಗ ಅಕ್ಕಾರ ಮನ್ಯಾಗ 55 ಇಂಚಿಂದು ಬಂದದ. ನಾವು ಅಷ್ಟು ದೊಡ್ಡದು ಕೇಳಾಂಗಿಲ್ರಿ. ಮಾವನವರ ಸಲುವಾಗಿ ಒಂದು ಸಣ್ಣದಾರ ಬ್ಯಾಡೇನು?" ಎಂದಳು. ಅಕ್ಕ ಭಾವಂದಿರು ಇರುವುದು ನಾಶಿಕ ರೋಡಿನಲ್ಲಿ. ಅಲ್ಲಿ 1928ರಿಂದ ನೋಟು ಅಚ್ಚಾಗುತ್ತಿರುವುದರಿಂದ ಅಲ್ಲಿಯವರಿಗೆ ಹಣದ ಚಿಂತೆಯೇ ಇಲ್ಲವೆಂದು ನನ್ನಾಕೆಯ ನಂಬಿಕೆ. ಭಾವ ಅಂಬಡದ ಕಾರಖಾನೆಯಲ್ಲಿ ದುಡಿಯುತ್ತಾರೆಂದೂ, ಟೀವಿಯನ್ನು ಕಂತಿನ ಮೇಲೆ ಕೊಂಡಿದ್ದಾರೆಂದೂ ಹೇಳಿದರೆ ಅವಳು ಕೇಳಬೇಕಲ್ಲ!

ಪೇಟೆಯೂ ಅವಳ ಪಕ್ಷವನ್ನೇ ವಹಿಸಿತ್ತು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟೀವಿಗಳ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿತ್ತು. ಮೂಲಬೆಲೆ 20,000 ರೂಪಾಯಿಯಾದರೆ ಮೊದಲು 25,600 ಕೊಡಬೇಕಿದ್ದಲ್ಲಿ ಈಗ 23,600. ಎಂದರೆ 2,000 ರೂಪಾಯಿಯ ಉಳಿತಾಯ. ಆದರೆ 32 ಇಂಚಿನವರೆಗಿನ ಟೀವಿಗೆ 2019ರಿಂದಲೂ ಶೇಕಡ 18ರ ತೆರಿಗೆಯೇ ಇತ್ತು. ಅಂಗಡಿಯವರು ಅದಕ್ಕೂ ಅದೇ ತೋರಣ ಕಟ್ಟಿದ್ದರು. ಇಂಥದನ್ನು ಪತ್ತೆ ಹಚ್ಚಿದಾಗ ಗುಮಾಸ್ತನಿಗಾಗುವ ಆನಂದ ಮೇಲಧಿಕಾರಿಗೆ ಎಂದಿಗೂ ತಿಳಿಯದು. ಕೂಡಲೇ ಕಡತ ತೆರೆದೆ.

ಮೊದಲನೆಯ ಟಿಪ್ಪಣಿ: ಎಚ್‌ಡಿ ಎಂದರೇನು? ಟೀವಿಯ ಚಿತ್ರವೆಂಬುದು ರಂಗೋಲಿಯ ಹಾಗೆ ಚುಕ್ಕೆ ಚುಕ್ಕೆ ಸೇರಿ ಆದದ್ದು. ನಮ್ಮ ದೇಶದ ಹಳೆಯ ಪದ್ಧತಿಯಲ್ಲಿ ಚಿತ್ರಕ್ಕೆ 625 ಅಡ್ಡ ಗೆರೆಗಳು. ಅವುಗಳಲ್ಲಿ ಕಣ್ಣಿಗೆ ಕಾಣುವವು 576. ಡಿಜಿಟಲ್ ಲೆಕ್ಕದಲ್ಲಿ ಗೆರೆಗೆ 720 ಚುಕ್ಕೆಯಂತೆ ಒಟ್ಟು 4,14,720 ಚುಕ್ಕೆ. ಪೂರ್ಣ ಎಚ್‌ಡಿಯಲ್ಲಿ 1080 ಗೆರೆ, ಗೆರೆಗೆ 1920 ಚುಕ್ಕೆ, ಒಟ್ಟು 20,73,600. ಭಾಗಿಸಿ ನೋಡಿದರೆ ಸರಿಯಾಗಿ ಐದು ಪಟ್ಟು. ಇನ್ನು ಅಂಗಡಿಯವರು ನಾಲ್ಕು-ಕೆ ಎನ್ನುವುದು ಇದರ ನಾಲ್ಕು ಪಟ್ಟು. ಹಳೆಯದು ಐದು ಬೊಟ್ಟಿನ ರಂಗೋಲಿಯಾದರೆ ಹೊಸದು ಅಂಗಳ ತುಂಬುವ ರಂಗೋಲಿ.

ನಾನು ಗಟ್ಟಿಯಾಗಿ ಓದಿಕೊಳ್ಳುತ್ತಿರುವಾಗ ಅಪ್ಪ ತಲೆಯೆತ್ತಿದರು. "ಗೆರಿ ಅಂದಿ ನೋಡು, ನೆಪ್ಪಾತು. ನಮ್ಮ ಸಾಲ್ಯಾಗ ಟೀವಿ ಬಂದಾಗೂ ಆ ಇಂಜಿನಿಯರು ಗೆರಿ ಲೆಕ್ಕಾನೇ ಹೇಳಿದ್ದ." ಅದು 1975ರ ಮಾತು. ಆ ವರ್ಷದ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ 'ಸೈಟ್' ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟೀವಿ ತೋರಿಸಿದರು. ಕರ್ನಾಟಕದಲ್ಲಿ ಆರಿಸಿದ್ದು ಕಲಬುರಗಿ, ರಾಯಚೂರು, ವಿಜಾಪುರ ಜಿಲ್ಲೆಗಳನ್ನು. ಕೋಳಿಬಲೆಯಂಥ ತಂತಿಯಿಂದ ಮಾಡಿದ ಹತ್ತಡಿಯ ಕೊಡೆ, ಒಳಗೆ ಕಪ್ಪು ಬಿಳುಪಿನ ಒಂದು ಪೆಟ್ಟಿಗೆ. ಇಪ್ಪತ್ತೈದರ ತರುಣ ಮಾಸ್ತರರ ಕೈಯಲ್ಲಿ ಅದರ ಕೀಲಿ. ಸಂಜೆಯಾದರೆ ಊರಿಗೆ ಊರೇ ಅಂಗಳದಲ್ಲಿ. "ಹಿಂದ ಕುಂತವರಿಗಿ ಏನೂ ಕಾಣ್ತಿದ್ದಿಲ್ಲ. ಆದರ ಕನ್ನಡ ಕೇಳಸ್ತಿತ್ತು. ಯಾರೂ ಎದ್ದು ಹೋಗ್ತಿದ್ದಿಲ್ಲ" ಎಂದರು ಅಪ್ಪ. ಅಂದಿನ ಆ ಚಿತ್ರಕ್ಕೂ 625 ಗೆರೆ. ನಮ್ಮ ಡಬ್ಬಿಗೂ ಅಷ್ಟೇ. ಐವತ್ತು ವರ್ಷವಾದರೂ ಅಪ್ಪ ಅದೇ ಗೆರೆಗಳ ಚಿತ್ರ ನೋಡುತ್ತ ಕೂತಿದ್ದರು.

ಎರಡನೆಯ ಟಿಪ್ಪಣಿ: ಬರುವುದೇ ಎಚ್‌ಡಿ ಅಲ್ಲದಿದ್ದರೆ? ನಲ್ಲಿಯಲ್ಲಿ ಕೆಸರು ನೀರು ಬರುತ್ತಿರಲು ಬೆಳ್ಳಿಯ ತಂಬಿಗೆ ಕೊಂಡು ಪ್ರಯೋಜನವೇನು? ನಾಶಿಕ ಮತ್ತು ಔರಂಗಾಬಾದ್ ಎರಡೂ, ಕೇಬಲ್ಲನ್ನು ಡಿಜಿಟಲ್ ಮಾಡುವ ಎರಡನೆಯ ಹಂತದಲ್ಲಿ ಸೇರಿದ್ದ ನಗರಗಳು. ಅದರ ಗಡುವು 2013ರ ಮಾರ್ಚ್ 31. ಆಗ ನಮ್ಮ ಮನೆಗೆ ಬಂದದ್ದು ಸಾದಾ ಪೆಟ್ಟಿಗೆ. ಅದರಿಂದ ಹಳದಿ, ಕೆಂಪು, ಬಿಳಿ ತಂತಿಗಳಲ್ಲಿ ಬರುವುದು ಸಾದಾ ಚಿತ್ರವೇ. ಎಂಥ ಟೀವಿ ತಂದು ಆ ಹಳದಿ ತಂತಿ ಸಿಕ್ಕಿಸಿದರೂ ಐದು ಪಟ್ಟು ಆಗಲಾರದು. ಟೀವಿ ದೊಡ್ಡದಾದಷ್ಟೂ ಆ ಚಿತ್ರದ ಬಡತನ ಎದ್ದು ಕಂಡೀತು. ಮೇಲಾಗಿ ಹಳೆಯ ಚಿತ್ರ ನಾಲ್ಕಕ್ಕೆ ಮೂರರ ಅಳತೆಯದು. ಹೊಸ ಪರದೆ ಹದಿನಾರಕ್ಕೆ ಒಂಬತ್ತರದು. ಎಳೆದು ತುಂಬಿಸಿದರೆ ಹಳೆಯ ಸಿನಿಮಾದ ನಾಯಕ ಒಂದೇ ಇರುಳಿನಲ್ಲಿ ದಪ್ಪಗಾಗುತ್ತಾನೆ. ಆದ್ದರಿಂದ ಟೀವಿಯ ಜೊತೆಗೆ ಎಚ್‌ಡಿ ಪೆಟ್ಟಿಗೆ, ಎಚ್‌ಡಿಎಂಐ ತಂತಿ, ಎಚ್‌ಡಿ ಚಾನೆಲ್ಲು ಮೂರೂ ಬೇಕು.

ಇಲ್ಲಿಯೇ ಪರವೂರಿನ ಕನ್ನಡಿಗನಿಗೆ ವಿಶೇಷ ತೊಡಕು. ನಮ್ಮ ಕೇಬಲ್ಲಿನವನು ಮುಂದಿಡುವ ಗುಚ್ಛದಲ್ಲಿ ಮರಾಠಿ, ಹಿಂದಿ ತುಂಬಿ ತುಳುಕುತ್ತವೆ. ಕನ್ನಡವನ್ನು ಮೇಲೆ ಬಿಡಿಯಾಗಿ ಕೇಳಿ ಪಡೆಯಬೇಕು. 2019ರ ಫೆಬ್ರವರಿ 1ರಂದು ಜಾರಿಗೆ ಬಂದ ಟ್ರಾಯ್ ನಿಯಮದಿಂದ, ಬೇಕಾದ ಚಾನೆಲ್ಲುಗಳನ್ನಷ್ಟೇ ಆರಿಸಿಕೊಳ್ಳುವ ಹಕ್ಕು ನೋಡುಗನಿಗೆ ಬಂದಿತು. ಇದು ನಮ್ಮಂಥವರ ಭಾಗ್ಯ. ಆದರೆ ಅದೇ ನಿಯಮದಲ್ಲಿ ಒಂದು ಎಚ್‌ಡಿ ಚಾನೆಲ್ಲನ್ನು ಎರಡು ಸಾದಾ ಚಾನೆಲ್ಲಿಗೆ ಸಮವೆಂದು ಎಣಿಸಿದರು. ಕಲರ್ಸ್ ಕನ್ನಡ, ಝೀ ಕನ್ನಡದಂಥವಕ್ಕೆ ಎಚ್‌ಡಿ ರೂಪವೂ ಉಂಟು. ಅದರ ಬೆಲೆಯೂ ಬೇರೆ. ಟೀವಿಯ ಬೆಲೆ ಒಮ್ಮೆ ಕೊಡುವುದು, ಚಾನೆಲ್ಲಿನ ಬೆಲೆ ತಿಂಗಳು ತಿಂಗಳೂ ಕೊಡುವುದು ಎಂದು ಕೆಂಪು ಶಾಯಿಯಲ್ಲಿ ಬರೆದೆ.

ಮೂರನೆಯ ಟಿಪ್ಪಣಿ: ಕೂರುವ ದೂರ. ಆರೋಗ್ಯವಾದ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲಿನಷ್ಟು ಅಂತರವಿರುವ ಎರಡು ಗೆರೆಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು; ಅದಕ್ಕಿಂತ ಹತ್ತಿರವಾದರೆ ಅವು ಒಂದರಲ್ಲೊಂದು ಬೆರೆತುಹೋಗುತ್ತವೆ. ಈ ಲೆಕ್ಕದಲ್ಲಿ 32 ಇಂಚಿನ ಪರದೆಯ ಮೇಲೆ ಸಾದಾ ಚಿತ್ರದ 576 ಗೆರೆಗಳೇ ಸುಮಾರು 8 ಅಡಿಯಾಚೆ ಬೆರೆತುಹೋಗುತ್ತವೆ. 43 ಇಂಚಿಗೆ ಇದೇ ದೂರ ಹತ್ತೂವರೆ ಅಡಿ. 55ಕ್ಕೆ ಹದಿಮೂರಡಿಗೂ ಮೇಲೆ. ಅದರಾಚೆ ಕೂತವನಿಗೆ ಹೆಚ್ಚಿನ ಗೆರೆ ಕೊಟ್ಟರೂ ಒಂದೇ, ಕೊಡದಿದ್ದರೂ ಒಂದೇ. ಕೇಬಲ್ಲಿನಲ್ಲಿ ಸಾದಾ ಚಿತ್ರವನ್ನು ಹಿಂಡಿ ಕಳಿಸುವುದರಿಂದ ವ್ಯತ್ಯಾಸ ಇನ್ನೂ ತುಸು ದೂರದಿಂದಲೂ ತೋರೀತು, ಅಷ್ಟೇ. ಟೇಪು ಹಿಡಿದು ಅಳೆದೆ. ಅಪ್ಪನ ಮಂಚದಿಂದ ಟೀವಿಯ ಗೋಡೆಗೆ 9 ಅಡಿ. ಅಲ್ಲಿಗೆ 32 ಇಂಚಿನ ಎಚ್‌ಡಿ ವ್ಯರ್ಥ. 43 ಇಂಚಿಗೆ ಅಂಗಡಿಯವನು ಹೇಳಿದ್ದು 24,500. "ಸದ್ಯಕ್ಕೆ ಬೇಡವೆಂದು ಅಭಿಪ್ರಾಯ" ಎಂದು ಬರೆದು ಮಂಡಿಸಿದೆ.

ಮೇಲಧಿಕಾರಿಗಳು ಓದಿ ನೋಡಿ, "ಸ್ಥಳ ಪರಿಶೀಲನೆ ಆಗ್ಲಿ" ಎಂದರು. ಎಂದರೆ ದೀಪಾವಳಿಗೆ ನಾಶಿಕ ಯಾತ್ರೆ.

ಎಸ್‌ಟಿ ಬಸ್ಸಿನಲ್ಲಿ ಹೊರಟೆವು. ವೈಜಾಪುರ ದಾಟಿ ಯೇವಲಾ ಬಂದಾಗ ನಾನು ಗಾಢನಿದ್ರೆಯನ್ನು ನಟಿಸಿದೆ. ಪೈಠಣಿ ಸೀರೆಯ ಊರು ಅದು. ಒಂದು ಕಡತವಿರುವಾಗಲೇ ಇನ್ನೊಂದು ತೆರೆಯುವುದು ಬೇಡವಾಗಿತ್ತು.

ಭಾವನ ಟೀವಿ ಗೋಡೆಯ ತುಂಬ ಇತ್ತು. ಸೋಫಾ 8 ಅಡಿ ದೂರ, ಕ್ರಿಕೆಟ್ ಎಚ್‌ಡಿಯಲ್ಲಿ. ಚೆಂಡಿನ ಹೊಲಿಗೆ, ಹುಲ್ಲಿನ ಗರಿ, ಆಟಗಾರನ ಹಣೆಯ ಬೆವರು ಎಲ್ಲವೂ ಕಂಡವು. ಅಲ್ಲಿ ಕೊಟ್ಟ ಹಣಕ್ಕೆ ಫಲವುಂಟೆಂದು ನಾನು ಮನಸಾರೆ ಒಪ್ಪಿಕೊಂಡೆ. ಭಾವ ಹಿಗ್ಗಿ, "ಹ್ಯಾಂಗ ಅದರಿ ಮಾವನವರ?" ಎಂದು ಅಪ್ಪನನ್ನು ಕೇಳಿದರು. "ಭಾಳ ಛಲೋ ಅದ" ಎಂದರು ಅಪ್ಪ. ಭಾವ ಅವರಿಗಾಗಿ ಕನ್ನಡ ಚಾನೆಲ್ಲು ಹಾಕಿ ಚಹಾ ಹೇಳಲು ಒಳಗೆ ಹೋದರು. ಪರದೆಯ ಮೇಲೆ ನಾಲ್ಕು ಬೆರಳೆತ್ತರದ ಅಕ್ಷರಗಳು ಮೂಡಿದವು. ಅಪ್ಪ ಅತ್ತಿತ್ತ ನೋಡಿದರು.

"ತಮ್ಮಾ, ಕೂಸು ಎಲ್ಲಿ ಹೋದ? ಏನು ಬರದಾರ ಓದ್ಲಿ."

ಮಗ ಮಕ್ಕಳೊಡನೆ ಕೆಳಗೆ ಪಟಾಕಿ ಹಚ್ಚುತ್ತಿದ್ದ. ನಾನು ಅಕ್ಷರಗಳನ್ನು ನೋಡಿದೆ, ಅಪ್ಪನನ್ನು ನೋಡಿದೆ.

"ಅಪ್ಪಾ, ಇಷ್ಟು ದೊಡ್ಡ ಅಕ್ಷರ ನಿಮಗ ಕಾಣಲ್ಲೇನ್ರಿ?"

ಅವರು ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಇದೂ ಮಂಜೇ ಅದ, ತಮ್ಮಾ. ನಿಮ್ಮ ಭಾವನಿಗಿ ಹೇಳಬ್ಯಾಡ. ಇಷ್ಟು ರೊಕ್ಕ ಹಾಕಿ ತಂದಾನ, ಮನಸಿಗಿ ಹಚ್ಕೋತಾನ."

ಜಗಲಿಯಲ್ಲಿ ತೂಗುಹಾಕಿದ್ದ ಆಕಾಶಬುಟ್ಟಿಯನ್ನು ತೋರಿಸಿದೆ. ಅದರ ಸುತ್ತ ಬಳೆ ಇಟ್ಟಂತೆ ಬೆಳಕು ಕಾಣುತ್ತದೆಂದರು. ಎಷ್ಟು ದಿನದಿಂದ ಎಂದೆ. "ವರ್ಷ ಆಗಿರಬೇಕು" ಎಂದರು.

ವಾಚಕರೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪರದೆಯಿಂದ ಮಂಚಕ್ಕೆ ಎಷ್ಟು ಅಡಿಯೆಂದು ಅಳೆದಿದ್ದೆ. ಮಂಚದ ಮೇಲೆ ಕೂತವರ ಮುಖ ನೋಡಿರಲಿಲ್ಲ. "ಆರೋಗ್ಯವಾದ ಕಣ್ಣು" ಎಂದು ನನ್ನ ಕೈಯಿಂದಲೇ ಬರೆದಿದ್ದೆ. ಮನೆಯ ಕಣ್ಣು ಆರೋಗ್ಯವಾಗಿದೆಯೇ ಎಂದು ಕೇಳಿರಲಿಲ್ಲ. ಮೊಮ್ಮಗನಿಂದ ಓದಿಸುತ್ತಿದ್ದುದು ಪಾಠದ ಉಪಾಯವಲ್ಲ, ಕಾಣದೆ ಓದಿಸುತ್ತಿದ್ದರು. ಕಾಣುವುದಿಲ್ಲವೆಂದು ಹೇಳಿದರೆ ಮಗನಿಗೆ ಖರ್ಚು ಬಂದೀತೆಂದು ಟೀವಿಯ ಮೇಲೆ ಹೇಳಿದರೋ, ಅಥವಾ ನಿಜಕ್ಕೂ ಟೀವಿಯ ದೋಷವೆಂದೇ ತಿಳಿದಿದ್ದರೋ, ನಾನು ಇಂದಿಗೂ ಕೇಳಿಲ್ಲ.

ಊರಿಗೆ ಮರಳಿದ ಮರುದಿನವೇ ಸರಕಾರಿ ಆಸ್ಪತ್ರೆಗೆ ಕರೆದೊಯ್ದೆ. ಕಣ್ಣಿನ ಪೊರೆ, ಇಲ್ಲಿಯವರು ಮೋತಿಬಿಂದು ಎನ್ನುವುದು. ಕಣ್ಣೊಳಗಿನ ಮಸೂರ ವಯಸ್ಸಿಗೆ ಮಬ್ಬಾಗಿ, ಹಳದಿಗಟ್ಟುತ್ತದೆಂದೂ, ಬೆಳಕು ಅದರಲ್ಲಿ ಚದುರುವುದರಿಂದ ದೀಪದ ಸುತ್ತ ಬಳೆ ಕಾಣುತ್ತದೆಂದೂ, ಎಂಥ ಕನ್ನಡಕಕ್ಕೂ ಈ ಮಬ್ಬು ಹೋಗದೆಂದೂ ಡಾಕ್ಟರರು ತಿಳಿಸಿದರು. ಟೀವಿಯ ಬಣ್ಣ ಹಳದಿಯಾಗಲು ಕಾರಣ ಅಲ್ಲಿತ್ತು. 1976ರಲ್ಲಿ, ಅಪ್ಪನ ಶಾಲೆಯ ಟೀವಿ ನಿಂತ ವರ್ಷವೇ, ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಅದರಡಿ ಈ ಶಸ್ತ್ರಕ್ರಿಯೆಗೆ ಹಣವಿಲ್ಲ. ಡಿಸೆಂಬರಿನಲ್ಲಿ ಬಲಗಣ್ಣಿಗೆ ಆಯಿತು. ಅರ್ಧ ತಾಸೂ ಹಿಡಿಯಲಿಲ್ಲ. ಹಳೆಯ ಮಸೂರ ತೆಗೆದು ಹೊಸದು ಕೂರಿಸಿದರು. ಆಟೋ, ಔಷಧದ ಹನಿ, ಕಪ್ಪು ಕನ್ನಡಕ ಎಲ್ಲ ಸೇರಿ ನನ್ನ ಕೈಯಿಂದ ಹೋದದ್ದು 2,000 ರೂಪಾಯಿಯ ಒಳಗೆ.

ಮರುದಿನ ಪಟ್ಟಿ ಬಿಚ್ಚಿದರು. ಅಪ್ಪ ಕಿಟಕಿ ನೋಡಿದರು, ದಾದಿಯ ಬಿಳಿ ಸೀರೆ ನೋಡಿದರು, ಆಮೇಲೆ ನನ್ನನ್ನು ಬಹಳ ಹೊತ್ತು ನೋಡಿದರು.

"ತಮ್ಮಾ, ನಿನ್ನ ತಲಿ ಯಾವಾಗ ಬೆಳ್ಳಗಾಯ್ತೋ?"

ಮೂವತ್ತೆಂಟರ ನನಗೆ ಉತ್ತರ ಹೊಳೆಯಲಿಲ್ಲ.

ಇಲ್ಲಿಗೆ ಕಡತ ಮುಚ್ಚಿತೆಂದುಕೊಂಡೆ. ಹಳೆಯ ಡಬ್ಬಿಯೇ ಸಾಕು, 24,500 ಉಳಿಯಿತು ಎಂದು ಸಂತೋಷಪಟ್ಟೆ. ಆದರೆ ವಾರದ ಮೇಲೆ ಟೀವಿಯ ಮುಂದೆ ಕೂತ ಅಪ್ಪ ಕಣ್ಣು ಮಿಟುಕಿಸಿ, "ಬಣ್ಣ ಬಂದಾವ. ಹಳದಿ ಹೋಯ್ತು. ಆದರ ತಮ್ಮಾ, ಈ ಡಬ್ಬಿ ಖರೇನೇ ಮಸಕ ಅದ ನೋಡು. ಇದರ ಹಣೇಬರಹ ನನಗ ಇವತ್ತು ಕಾಣಸ್ತು" ಎಂದುಬಿಟ್ಟರು! ಒಳಗಿನಿಂದ ನನ್ನಾಕೆಯ ನಗು ಕೇಳಿತು. ಕಡತ ಮರುಪರಿಶೀಲನೆಗೆ ಬಂದಿತು.

ಈ ಸಲ ಮೇಲಧಿಕಾರಿಗಳು ನನ್ನ ಟಿಪ್ಪಣಿಗೆ ಕಾಯಲಿಲ್ಲ. "32 ಇಂಚು 9 ಅಡಿಗೆ ವ್ಯರ್ಥ ಅಂದ್ರಿ, ಹೌದಲ್ರಿ? ಹಂಗಾರ ಮಂಚ ಮುಂದ ಸರಸ್ರಿ" ಎಂದಳು. ಲೆಕ್ಕ ಹಾಕಿದೆ. 'ಎಚ್‌ಡಿ ರೆಡಿ' ಎನ್ನುವ 32 ಇಂಚಿನ ಟೀವಿಗೆ 768 ಗೆರೆ. ಅಷ್ಟನ್ನೂ ಕಣ್ಣು ಹೀರಿಕೊಳ್ಳಲು 6 ಅಡಿ ದೂರ ಸರಿಹೋಗುತ್ತದೆ. ಮಂಚವನ್ನು 3 ಅಡಿ ಮುಂದೆ ಎಳೆದದ್ದಕ್ಕೆ ಖರ್ಚಿಲ್ಲ. ಟೀವಿಗೆ 11,500. ಪೆಟ್ಟಿಗೆ ಬದಲಾಯಿಸಿಕೊಂಡು ಎರಡೇ ಎರಡು ಕನ್ನಡ ಚಾನೆಲ್ಲನ್ನು ಎಚ್‌ಡಿಯಲ್ಲಿ ತೆಗೆದುಕೊಂಡೆವು. ನೋಡದೆ ಇದ್ದ ಹನ್ನೆರಡು ಚಾನೆಲ್ಲು ಬಿಟ್ಟಿದ್ದರಿಂದ ತಿಂಗಳ ಬಿಲ್ಲು ಹೆಚ್ಚಲಿಲ್ಲ. ಚಂದನ ಮೊದಲಿನಂತೆ ಸಾದಾ ರೂಪದಲ್ಲೇ ಬರುತ್ತದೆ; ಅದನ್ನು ಎಳೆಯದೆ ಅದರ ಅಳತೆಯಲ್ಲೇ ಇಟ್ಟಿದ್ದೇವೆ. ಹಳೆಯ ಡಬ್ಬಿಯನ್ನು ಗುಜರಿಗೆ ಹಾಕದೆ, ಹಳೆಯ ವಿದ್ಯುತ್ ಸಾಮಾನು ಸಂಗ್ರಹಿಸುವವರಿಗೇ ಒಪ್ಪಿಸಿದೆ. ಅದರ ಗಾಜಿನಲ್ಲಿ ಸೀಸವಿರುತ್ತದೆ. ಒಯ್ಯುವ ಮುನ್ನ ಅಪ್ಪ ಅದರ ಗೂನುಬೆನ್ನನ್ನು ಒಮ್ಮೆ ಒರೆಸಿದರು.

ನಿಮ್ಮಲ್ಲೂ ಯಾರಾದರೂ ಇಂಥ ಕಡತ ತೆರೆಯುವುದಿದ್ದರೆ, ನನ್ನ ಟಿಪ್ಪಣಿಗಳ ಸರದಿಯನ್ನು ತಿರುವಿಹಾಕಿ ಎಂದು ವಿನಂತಿ. ಮೊದಲು ನೋಡುವವರ ಕಣ್ಣು, ಆಮೇಲೆ ಕೂರುವ ದೂರ, ಆಮೇಲೆ ಬರುವ ಚಾನೆಲ್ಲು, ಕಟ್ಟಕಡೆಗೆ ಟೀವಿ. ಅರುವತ್ತು ದಾಟಿದವರು "ಚಿತ್ರ ಮಂಜು" ಎಂದರೆ ರಿಪೇರಿಯವನಿಗಿಂತ ಮೊದಲು ಕಣ್ಣಿನ ಡಾಕ್ಟರರನ್ನು ಕಾಣಿರಿ.

ಒಂದು ಮಾತು ಉಳಿಯಿತು. ಹೊಸ ಟೀವಿ ಬಂದ ಮೊದಲ ರಾತ್ರಿ ಮಗ ಸಪ್ಪಗಿದ್ದ. ಮುತ್ಯಾನಿಗೆ ಈಗ ಕಾಣುತ್ತದೆ. ತನ್ನ ಕೆಲಸ ಹೋಯಿತೆಂದು ಅವನ ಚಿಂತೆ. ದೂರದ ಕುರ್ಚಿಯಲ್ಲಿ ಕೂತಿದ್ದ. ಕಾರ್ಯಕ್ರಮ ಆರಂಭವಾಗಿ ಪರದೆಯ ಮೇಲೆ ಪ್ರಶ್ನೆ ಮೂಡಿತು. ಅಪ್ಪ ನೋಡಿದರು. ತುಟಿ ಅಲುಗಿದ್ದನ್ನು ನಾನು ಕಂಡೆ, ಓದಿ ಮುಗಿಸಿದ್ದರು. ಆಮೇಲೆ ಮಗ್ಗುಲಿನ ಜಾಗವನ್ನು ಕೈಯಿಂದ ತಟ್ಟಿ ಕರೆದರು.

"ಏನು ಬರದಾರೋ, ಓದು."